ಐದನೇ ದಿನ ಬಿಚ್ಚದ ದಾರ

ಮೊನ್ನೆ ಪಕ್ಕದ ಮನೆಯ ನಂಜಮ್ಮಣ್ಣಿ ಸಾರಿಗೆ ಹುಣಸೆಹಣ್ಣು ಕೇಳಿಕೊಂಡು ಬಂದಳು. ಕೊಡೋಣವೆಂದು ಮಡಕೆಗೆ ಕೈ ಹಾಕಿದವಳು ಅವಳ ಗದ್ದ ನೋಡಿ ಹಾಗೇ ನಿಂತುಬಿಟ್ಟೆ. ಗದ್ದದ ಮೇಲೆ ಕರಿ ದಾರದ ಮೂರು ಗಂಟು. ಬಾವಿಕಟ್ಟೆಯಲ್ಲಿ ಜಾರಿಬಿದ್ದು ಹೊಲಿಗೆ ಹಾಕಿಸಿಕೊಂಡ ಸುದ್ದಿ ನನಗೆ ಗೊತ್ತಿತ್ತು. ಆ ದಾರ ಇನ್ನೂ ಅಲ್ಲೇ ಕೂತಿದೆ ಅನ್ನುವುದು ಗೊತ್ತಿರಲಿಲ್ಲ.

"ಎಷ್ಟ್ ದಿನ ಆಯ್ತಮ್ಮಿ?" ಎಂದೆ.

"ಯಾವುದಕ್ಕೆ?"

"ನಿನ್ ಗದ್ದುಕ್ಕೆ ಕಣಮ್ಮಿ! ದಾರ ಆಕಿ ಎಷ್ಟ್ ದಿನ ಆಯ್ತು?"

"ಓದ್ ಸೋಮಾರ ಅಲ್ಲ, ಅದರ ಇಂದ್ಲ ಸೋಮಾರ. ನೋಯ್ತಾ ಇಲ್ವಲ್ಲ, ಇರ್ಲಿ ಅಂತ ಬುಟ್ಟಿವ್ನಿ."

ಬೆರಳು ಮಡಿಸಿ ಎಣಿಸಿದೆ. ಹನ್ನೊಂದು! ಮುಖದ ಮೇಲೆ ಹನ್ನೊಂದು ದಿನ! ಕಂಕುಳಲ್ಲಿ ಹಿಡಿದಿದ್ದ ಮಡಕೆ ಜಾರಿ ಒಡೆಯಿತು. ಹುಣಸೆಹಣ್ಣೂ ಬೋಕಿಯೂ ನೆಲದಲ್ಲಿ ಒಂದಾಗಿ ಬಿದ್ದಿರುವಾಗಲೇ ಅವಳ ರಟ್ಟೆ ಹಿಡಿದು ಬೀದಿಗೆ ಎಳೆದೆ.

"ಬುಡು ದುಂಡವ್ವ, ಬೇಳೆ ಒಲೆ ಮೇಲದೆ!"

"ಸೀದೋಗ್ಲಿ. ಬೇಳೆ ನಾಳೀಕೂ ಬೇಯ್ತದೆ, ಮೊಕ ಇನ್ನೊಂದ್ ಸಿಕ್ಕಾಕಿಲ್ಲ. ನಡಿ!"

ಬಸ್ಸಿಗೆ ಹತ್ತಿಸಿ, ತಾಳವಾಡಿಯಲ್ಲಿ ಇಳಿಸಿ, ದಾರ ತೆಗೆಸಿಯೇ ವಾಪಸು ಕರೆತಂದೆ. ದಾರಿಯುದ್ದಕ್ಕೂ ಅವಳು ನನ್ನನ್ನು ಬಯ್ದಳು. ಸಂಜೆಯೊಳಗೆ ಇಡೀ ಬೀದಿ ನಕ್ಕಿತು. ನಗಲಿ. ನನಗೆ ಈ ಊರಿನಲ್ಲಿ ದಾರ ಎಣಿಸುವ ಅಜ್ಜಿ ಎಂದೇ ಹೆಸರು. ಯಾರಿಗೆ ಎಲ್ಲಿ ಹೊಲಿಗೆ ಬಿದ್ದರೂ ದಿನ ಎಣಿಸುವವಳು ನಾನು. ಮುಖಕ್ಕೆ ಐದು, ತಲೆಗೆ ಏಳೆಂಟು, ಕೈಗೆ ಹತ್ತು, ಮೊಣಕಾಲಿಗೆ ಹದಿನಾಲ್ಕು. ಹೊಲಿದವರು ಒಂದೆರಡು ದಿನ ಹೆಚ್ಚು ಕಡಿಮೆ ಹೇಳಿದರೆ ಅವರು ಹೇಳಿದ್ದೇ ಸರಿ. ಅದು ಬಿಟ್ಟು ನೋವಿಲ್ಲ, ಬಿಡುವಿಲ್ಲ, ಬಸ್ಸಿಲ್ಲ ಎಂದು ಹೇಳಿಕೊಂಡು ನನ್ನ ಮುಂದೆ ಬರಬೇಡಿ. ಇಷ್ಟು ಜೋರು ಯಾಕೆ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ, ಆದರೆ ಮೊದಲು ಗೋಣಿಚೀಲದ ವಿಷಯ ಹೇಳಬೇಕು. ಅದಿಲ್ಲದೆ ನನ್ನ ದಡ್ಡತನ ನಿಮಗೆ ಅರ್ಥವಾಗುವುದಿಲ್ಲ.

ನಾನು ಹುಡುಗಿಯಾಗಿದ್ದಾಗಿನಿಂದ ಮುದುಕಿಯಾಗುವವರೆಗೆ ಚೀಲದ ಬಾಯಿ ಹೊಲಿದವಳು. ನಮ್ಮ ಊರು ತಿಗನಾರೆ ಕಡೆ. ನಮ್ಮದು ಕೂಲಿ ಮನೆ. ಗೌಡರ ಹೊಲದಂಚಿನ ಒಂದು ತುಂಡು ಕಲ್ಲುಭೂಮಿ ಬಿಟ್ಟರೆ ಉಳಿದದ್ದೆಲ್ಲ ಕೈ ಕೆಲಸ. ಸುಗ್ಗಿ ಮುಗಿದ ಮೇಲೆ ತಾಳವಾಡಿಯ ಒಂದು ಧಾನ್ಯದ ಮಂಡಿಯಲ್ಲಿ ರಾಗಿ, ಜೋಳ, ಹುರುಳಿ ತುಂಬಿದ ಚೀಲಗಳು ಆಳೆತ್ತರ ನಿಲ್ಲುತ್ತಿದ್ದವು. ನಾವು ಏಳೆಂಟು ಹೆಂಗಸರು ದಬ್ಬಣ, ಸುತಳಿ ಹಿಡಿದು ಕೂರುತ್ತಿದ್ದೆವು. ದಬ್ಬಣ ಅಂದರೆ ಗೇಣುದ್ದದ ಸೂಜಿ, ಸುತಳಿ ಅಂದರೆ ಸೆಣಬಿನ ಹುರಿ. ನಾನು ಓದಿದ ನಾಲ್ಕಕ್ಷರವೂ ಆ ಚೀಲದ ಮೇಲೆ ಮಸಿಯಲ್ಲಿ ಬರೆದಿರುತ್ತಿದ್ದ ಅಕ್ಷರವೇ. ಬೆಳಿಗ್ಗೆಯಿಂದ ಹೊತ್ತು ಇಳಿಯುವ ತನಕ ಹೊಲಿದರೂ ನನ್ನ ಹೊಲಿಗೆ ಒಂದೇ ಅಳತೆ ಇರುತ್ತಿತ್ತು. ಮಂಡಿಯಲ್ಲಿ ಅದಕ್ಕೆ ನನಗೆ ಸ್ವಲ್ಪ ಗರ್ವವೂ ಇತ್ತು. ಸ್ವಲ್ಪ ಏನು, ಬಹಳವೇ ಇತ್ತು.

ಚೀಲದ ಬಾಯಿಗೆ ಹಾಕುವ ಹೊಲಿಗೆಯಲ್ಲಿ ಒಂದು ತಮಾಷೆ ಇದೆ. ಒಂದೇ ದಾರ ಸರಪಳಿಯ ಹಾಗೆ ಓಡುತ್ತದೆ. ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬಿಚ್ಚಿ ಚೀಲ ಬಾಯಿ ಕಿಸಿಯುತ್ತದೆ. ಹೊಸಬರು ತಿಳಿಯದೆ ಎಳೆದು ರಾಗಿಯೆಲ್ಲ ಕಾಲ ಮೇಲೆ ಸುರಿದುಕೊಂಡಿದ್ದು ಎಷ್ಟು ಸಲವೋ. ಅದಕ್ಕೇ ಮಂಡಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು: ಹೊಲಿದ ಚೀಲದ ದಾರವನ್ನು ಸರಕು ಗಾಡಿಯಿಂದ ಇಳಿದು ಸೇರಬೇಕಾದ ಜಾಗ ಸೇರುವ ತನಕ ಯಾರೂ ಮುಟ್ಟಕೂಡದು. ಈ ಮಾತು ನಮ್ಮ ತಲೆಯೊಳಗೆ ದಬ್ಬಣದಲ್ಲೇ ಚುಚ್ಚಿ ಕೂರಿಸಿದಂತಿತ್ತು.

ಇನ್ನು ನನ್ನ ಮಗಳು ಮಾದೇವಿಯ ವಿಷಯ.

ಎಪ್ಪತ್ತರ ದಶಕದ ನಡುಮಧ್ಯ, ಅವಳಿಗೆ ಏಳು ವರ್ಷ. ನಮ್ಮ ತುಂಡು ಭೂಮಿಯಲ್ಲಿ ರಾಗಿ ತೆನೆ ಕಟ್ಟಿತ್ತು. ತಾಳಮಲೆ ಕಾಡು ನಮಗೆ ದೂರವೇನಲ್ಲ. ಹಂದಿ, ನವಿಲು, ಗಿಳಿ, ಎಲ್ಲರಿಗೂ ನಮ್ಮ ರಾಗಿಯ ಮೇಲೇ ಕಣ್ಣು. ನನ್ನ ಯಜಮಾನ ಒಂದು ಸೀಮೆಎಣ್ಣೆ ಡಬ್ಬವನ್ನು ಸೀಳಿ, ತಗಡು ಬಿಡಿಸಿ, ಹೊಲದ ನಡುವಿನ ಅಟ್ಟಣೆಗೆ ಹಗ್ಗದಲ್ಲಿ ನೇತುಹಾಕಿದ್ದ. ಕೋಲಿನಲ್ಲಿ ಬಡಿದರೆ ಊರಿಗೆಲ್ಲ ಕೇಳುವ ಸದ್ದು. ಮೊದಲ ವರ್ಷ ಹಂದಿಗಳು ಹೆದರಿದವು. ಎರಡನೇ ವರ್ಷ ಆ ಸದ್ದು ಕೇಳಿದರೆ ಊಟಕ್ಕೆ ಕರೆದರೆಂದು ಬರುತ್ತಿದ್ದವು. ಗಿಳಿ ಮಾತ್ರ ಇನ್ನೂ ಹೆದರುತ್ತಿತ್ತು. ಗಿಳಿ ಓಡಿಸುವುದು ಮಾದೇವಿಯ ಕೆಲಸ.

ಒಂದು ಮಧ್ಯಾಹ್ನ ಅವಳು ಬಡಿಯುತ್ತಿದ್ದಾಗ ಹಗ್ಗ ಕಿತ್ತುಕೊಂಡಿತು. ತಗಡು ಬೀಸಿಕೊಂಡು ಬಂದು ಎಡಗೆನ್ನೆಗೆ ಹೊಡೆಯಿತು. ನಾನು ಕಳೆ ಕೀಳುತ್ತಿದ್ದೆ. ಸದ್ದು ನಿಂತಿತು. ಮಗು ಅಳಲೂ ಇಲ್ಲ. ತಿರುಗಿ ನೋಡುತ್ತೇನೆ, ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡು ನಿಂತಿದ್ದಾಳೆ. ಬೆರಳ ಸಂದಿಯಿಂದ ರಕ್ತ ಮೊಣಕೈ ತನಕ ಇಳಿಯುತ್ತಿದೆ. ಕೈ ತೆಗೆಸಿದೆ. ಕಣ್ಣಿನ ಕೆಳಗಿನಿಂದ ಬಾಯಿಯ ಹತ್ತಿರದವರೆಗೆ ಕೆನ್ನೆ ಬಾಯಿಬಿಟ್ಟಿತ್ತು. ನಾನು ಹೆರಿಗೆ ಮಾಡಿಸಿದವಳು, ಹೋರಿ ತಿವಿದ ಹೊಟ್ಟೆ ಕಂಡವಳು. ಆದರೂ ಆ ಹೊತ್ತು ಹೊಲದ ಬದುವಿನ ಮೇಲೆ ಕುಕ್ಕರಿಸಿಬಿಟ್ಟೆ.

ಅತ್ತೆ ಕಾಫಿಪುಡಿ ಡಬ್ಬ ಹಿಡಿದು ಓಡಿಬಂದಳು. "ತುಂಬ್ಬುಡು, ರಕ್ತ ನಿಂತೋಯ್ತದೆ!"

"ಕಾಫಿಪುಡಿ ನೀನೇ ಕುಡ್ಕೊ ಅವ್ವ" ಎಂದು ನನ್ನ ಯಜಮಾನ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದ. ಆ ಮನುಷ್ಯ ಬದುಕಿನಲ್ಲಿ ತಾಯಿಯ ಮಾತಿಗೆ ಎದುರಾಡಿದ್ದು ಅದೊಂದೇ ಸಲ. ನಾನು ಹಿಂದೆ ಓಡಿದೆ.

ತಾಳವಾಡಿಯ ಸಂತೆ ಬೀದಿಯಲ್ಲಿ ಒಬ್ಬ ಕಂಪೌಂಡರ್ ಒಂದು ಕೋಣೆ ಇಟ್ಟುಕೊಂಡಿದ್ದ. ಮುರುಗೇಶ ಎಂದು ಹೆಸರು, ಕೆಳಗಿನ ತಮಿಳು ಸೀಮೆಯವನು, ನಮ್ಮ ಮಾತು ಚೆನ್ನಾಗಿ ಕಲಿತಿದ್ದ. ಸ್ಟೌವಿನ ಮೇಲೆ ನೀರು ಕುದಿಸಿ, ಅದರಲ್ಲಿ ಸೂಜಿ ಹಾಕಿ ತೆಗೆದ. "ಪಾಪ್ಪಾ, ಅಲ್ಲಾಡ್ಬಾರ್ದು" ಎಂದು ಮಗುವಿನ ತಲೆ ಸವರಿ ಹೊಲಿಯಲು ಕೂತ. ನಾನು ಅಲ್ಲೇ ನಿಂತು ಅವನ ಕೈ ನೋಡುತ್ತಿದ್ದೆ. ಹೊಲಿಯುವವಳಲ್ಲವೇ, ಇನ್ನೊಬ್ಬರು ಹೊಲಿಯುವಾಗ ಸುಮ್ಮನಿರಲು ಆಗಲಿಲ್ಲ.

"ಒಂದೇ ದಾರ್ದಲ್ಲಿ ಎಳ್ಕೊಂಡ್ ಓಗ್ಬಾರ್ದಾ ಕಂಪೌಂಡ್ರೆ? ಒಂದೊಂದಕ್ಕೂ ಗಂಟ್ ಆಕಿ ಕತ್ತರಿಸ್ತಾ ಇದ್ದೀರಲ್ಲ. ದಾರ ದಂಡ."

ಅವನು ತಲೆ ಎತ್ತಲಿಲ್ಲ. "ಯಾಕಮ್ಮಾ, ನೀನೂ ಡಾಕ್ಟ್ರಾ?"

"ಮಂಡೀಲಿ ಗೋಣಿ ಒಲಿಯೋಳು."

"ಅಂಗಾದ್ರೆ ಗೋಣಿ ನೀನ್ ನೋಡ್ಕೊ. ಮೊಗ ನಾನ್ ನೋಡ್ಕೋತೀನಿ."

ಏಳು ಹೊಲಿಗೆ ಹಾಕಿದ. ಕೈ ತೊಳೆದು ಬಂದು ನನ್ನ ಮುಖದ ಮುಂದೆ ಐದು ಬೆರಳು ಬಿಡಿಸಿ ಹಿಡಿದ. "ಐದು ದಿವಸ. ಇದು ಕಾಲಲ್ಲ, ಕೈಯಲ್ಲ, ಮೊಗ. ಐದನೇ ದಿವಸ ಪಾಪ್ಪಾನ ಕರ್ಕೊಂಡ್ ಬಾ, ದಾರ ತೆಗೀತೀನಿ. ಆರ್ ಆಗ್ಬಾರ್ದು. ನೆಪ್ಪಿರ್ಲಿ."

ನೆಪ್ಪು ಇತ್ತು. ಮರೆತು ಹಾಳಾಗಿದ್ದರೆ ನನಗೆ ಈಗ ಇಷ್ಟು ಉರಿಯುತ್ತಿರಲಿಲ್ಲ. ಐದನೇ ದಿನ ಬೆಳಿಗ್ಗೆ ಮಗುವಿಗೆ ತಲೆ ಬಾಚಿ, ಒಗೆದ ಲಂಗ ತೊಡಿಸಿ, ಬಸ್ಸು ನಿಲ್ಲುವ ಮರದ ಕೆಳಗೆ ಬಂದು ನಿಂತವಳು ನಾನೇ. ಅಲ್ಲಿ ಮಂಡಿಗೆ ಹೊರಟಿದ್ದ ಚಿಕ್ಕತಾಯಿ ಸಿಕ್ಕಳು. ನನ್ನ ಜೊತೆ ಹೊಲಿಯುವವಳು, ನನ್ನಷ್ಟೇ ಗಟ್ಟಿಗಿತ್ತಿ.

"ಎಲ್ಲಿಗ್ಲೆ ದುಂಡಿ, ಕೂಸ್ನ ಸಿಂಗಾರ ಮಾಡ್ಕೊಂಡು?"

"ದಾರ ಬಿಚ್ಚುಸ್ಕೊಂಡ್ ಬರಾಕೆ."

ಅವಳು ಮಾದೇವಿಯ ಕೆನ್ನೆ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ಇನ್ನೂ ಕೆಂಪಗದಲ್ಲೆ! ಐದ್ ದಿನುಕ್ಕೆ ಬಿಚ್ಚಾರಾ? ನೀನು ಒಲ್ದಿರೋ ಚೀಲುದ್ ದಾರ ದಿಂಬಂ ಗಾಟಿ ಇಳಿಯೋಕ್ ಮುಂಚೆ ಯಾರಾದ್ರೂ ಕಿತ್ರೆ ಸುಮ್ನಿರ್ತೀಯಾ? ಬಾಯ್ ಬುಟ್ಕೊಂಡ್ರೆ ಇನ್ನೊಂದ್ ಸಲ ಚುಚ್ಚಿಸ್ತೀಯಾ ಆ ಕೂಸಿಗೆ?"

ನಾನು ಮಗುವಿನ ಕೆನ್ನೆ ನೋಡಿದೆ. ಹೌದು, ಕೆಂಪಗಿತ್ತು. ಸರ್ರನೆ ಬಿಚ್ಚಿಕೊಳ್ಳುವ ಚೀಲದ ಬಾಯಿ ಕಣ್ಣ ಮುಂದೆ ಬಂತು. ಬಸ್ಸು ಬಂತು, ಚಿಕ್ಕತಾಯಿ ಹತ್ತಿದಳು. ನಾನು ಮಗುವಿನ ಕೈ ಹಿಡಿದು ಮನೆಯ ಕಡೆ ತಿರುಗಿದೆ. ಚಿಕ್ಕತಾಯಿಯನ್ನು ನಾನು ಬಯ್ಯುವುದಿಲ್ಲ. ಅವಳು ಹೇಳದಿದ್ದರೂ ನನ್ನ ಕೈಗೇ ಆ ಅನುಮಾನ ಇತ್ತು. ಕಟ್ಟಿದ ದಾರ ತೆಗೆದ ಮೇಲೂ ಬಾಯಿ ಮುಚ್ಚಿಕೊಂಡೇ ಇರುವ ವಸ್ತುವನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ.

ಮಾರನೇ ದಿನ, ಅಂದರೆ ಆರನೇ ದಿನ, ನಾನು ಒಲೆ ಮುಂದೆ ಕೂತು ಮುದ್ದೆ ತೊಳಸುತ್ತಿದ್ದೆ. ಮಾದೇವಿ ಬಂದು ಅಂಗೈ ಚಾಚಿದಳು. ಅಂಗೈಯಲ್ಲಿ ಇರುವೆಯ ಕಾಲಿನಷ್ಟು ಕರಿ ದಾರ.

"ಅವ್ವಾ, ಒಂದ ತಗದ್ಬುಟ್ಟೆ. ಬಲೇ ನವೆ ಆಯ್ತಿತ್ತು. ನೋವೇ ಆಗ್ನಿಲ್ಲ ಕಣವ್ವ. ಉಳ್ದವನ್ನೂ ತಗದ್ಬುಡ್ಲಾ?"

ಅಜ್ಜಿಯ ಅಡಕತ್ತರಿಯಲ್ಲಿ, ಗೋಡೆಯ ಒಡಕು ಕನ್ನಡಿ ನೋಡಿಕೊಂಡು, ನಡುವಿನ ಒಂದು ಗಂಟು ಕತ್ತರಿಸಿ ಎಳೆದಿದ್ದಳು! ಅಡಕತ್ತರಿ! ಬೆರಳು ಜಾರಿದ್ದರೆ ಕಣ್ಣೇ ಹೋಗುತ್ತಿತ್ತು. ಅದನ್ನು ನೆನೆದು ಈ ಮುಪ್ಪಿನಲ್ಲೂ ನನ್ನ ಅಂಗಾಲು ತಣ್ಣಗಾಗುತ್ತದೆ. ಆಗ ಮಾತ್ರ ಅಂಗೈ ಬಿಸಿಯಾಯಿತು. ಮುದ್ದೆಕೋಲು ಬಿಟ್ಟು ಎದ್ದವಳೇ ಬಲಗೆನ್ನೆಗೆ ಬಿಟ್ಟೆ. ಗಾಯವಿಲ್ಲದ ಕೆನ್ನೆ ನೋಡಿಯೇ ಹೊಡೆದೆ, ಅಷ್ಟು ಬುದ್ಧಿ ಇತ್ತು. ಆಮೇಲೆ ಹಳೆ ಸೀರೆಯ ಅಂಚು ಹರಿದು ಅವಳ ಎರಡೂ ಕೈ ಬೆನ್ನ ಹಿಂದೆ ಕಟ್ಟಿದೆ. ಎರಡು ದಿನ ಅವಳು ನನ್ನ ಕೈಯಿಂದಲೇ ಉಂಡಳು. ಮೂಗಿನ ಮೇಲೆ ನೊಣ ಕೂತರೂ "ಅವ್ವಾ, ನೊಣ" ಎಂದು ಕೂಗಬೇಕಿತ್ತು.

ಉಳಿದ ಆರು ದಾರ ಅಲ್ಲೇ ಇದ್ದವು. ಹತ್ತು ದಿನ, ಹದಿನೈದು, ಇಪ್ಪತ್ತು. ದಾರ ಚರ್ಮದೊಳಕ್ಕೆ ಇಳಿಯುತ್ತಾ ಬಂತು. ನನಗೆ ಅದು ಭದ್ರವಾಗುತ್ತಿರುವ ಹಾಗೆ ಕಂಡಿತು! ಕೊನೆಗೆ ದಾರ ತೂರಿದ ತೂತಿನಲ್ಲೆಲ್ಲ ಕೀವು ಕಾಣಿಸಿಕೊಂಡಾಗ, ಇನ್ನು ಸರಕು ಇಳಿಯಿತು ಎಂದು ನಾನೇ ತೀರ್ಮಾನ ಮಾಡಿದೆ. ಅದು ಇಪ್ಪತ್ತನಾಲ್ಕನೇ ದಿನ. ಕಂಪೌಂಡರ್ ಹತ್ತಿರ ಹೋಗಲು ನಾಚಿಕೆ. ಆರು ಆಗಬಾರದು ಎಂದಿದ್ದನಲ್ಲ. ಸುತಳಿ ಕತ್ತರಿಸುವ ಬ್ಲೇಡನ್ನು ಬಿಸಿನೀರಿಗೆ ಅದ್ದಿ ನಾನೇ ತೆಗೆದೆ. ದಾರ ಹುಡುಕಲು ಚರ್ಮ ಕೆರೆಯಬೇಕಾಯಿತು. ಇಂಥ ಕೆಲಸ ನೀವು ಯಾರೂ ಮಾಡಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಮಾದೇವಿ ನಡುಮನೆಯ ಕಂಬ ತಬ್ಬಿಕೊಂಡು ನಿಂತಿದ್ದಳು. ಅಳಲಿಲ್ಲ. ಕಂಬದ ಮೇಲೆ ಅವಳ ಉಗುರಿನ ಗೀರು ಬಹಳ ವರ್ಷ ಇತ್ತು.

ಕೆನ್ನೆ ಬಾಯಿ ಬಿಡಲಿಲ್ಲ. "ನೋಡ್ದಾ, ಇಷ್ಟ್ ದಿನ ಮಡಗಿದ್ಕೆ ಎಂಗ್ ಕೂಡ್ಕೊಂಡದೆ!" ಎಂದು ಅತ್ತೆಯ ಮುಂದೆ ಬೀಗಿದೆ.

ಕೆಂಪು ಆರಿದ ಮೇಲೆ ನೋಡಿದರೆ ಕೆನ್ನೆಯ ಮೇಲೆ ಏಣಿ. ಉದ್ದಕ್ಕೆ ಒಂದು ಗೀಟು, ಅಡ್ಡಕ್ಕೆ ಬಿಳಿ ಬಿಳಿ ಗೀಟು, ಒಂದೊಂದರ ಎರಡು ತುದಿಗೂ ಒಂದೊಂದು ಚುಕ್ಕಿ. ಆರು ತಿಂಗಳಾದರೂ ಹೋಗಲಿಲ್ಲ. ಇಸ್ಕೂಲಿನಲ್ಲಿ ಅವಳಿಗೆ ಜರಿ ಎಂದು ಹೆಸರಿಟ್ಟರು. ಅದೇ, ನೂರು ಕಾಲಿನ ಹುಳ. ಒಂದು ದಿನ ಸ್ಲೇಟು ಎಸೆದು ಮನೆಗೆ ಬಂದವಳು ಮತ್ತೆ ಇಸ್ಕೂಲಿನ ಕಡೆ ಹೋಗಲಿಲ್ಲ.

ನಾನು ಯಾರನ್ನು ಬಯ್ದೆ ಅನ್ನುತ್ತೀರಿ? ಕಂಪೌಂಡರನ್ನು. ಸಂತೆಯ ದಿನ, ಬೀದಿ ತುಂಬ ಜನ ಇರುವಾಗ, ಅವನ ಬಾಗಿಲಲ್ಲಿ ನಿಂತು, "ಏಯ್, ಗೋಣಿ ಒಲ್ದಂಗೆ ಒಲ್ದಿದ್ದೀಯಲ್ಲೋ ನನ್ ಮಗಳ ಮೊಕನಾ! ನಿನ್ ಕೈಗೆ ದಬ್ಬಣ ಕೊಟ್ಟವರ್ಯಾರೋ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅವನು ಏನೋ ಹೇಳಲು ಬಂದ. ನನ್ನ ಬಾಯಿಯ ಮುಂದೆ ಅವನ ಮಾತು ಕೇಳಿಸುವುದು ಎಲ್ಲಿ? ಕೊನೆಗೆ ಸುಮ್ಮನೆ ಕೈ ಎತ್ತಿ ಐದು ಬೆರಳು ಬಿಡಿಸಿ ತೋರಿಸಿದ. "ನನ್ ಮೇಲೆ ಕೈ ಎತ್ತೀಯಾ?" ಎಂದು ನಾನು ಇನ್ನೂ ಜೋರು ಮಾಡಿದೆ. ಜನ ನಕ್ಕರು. ಅವತ್ತಿನಿಂದ ಅವನ ಹೆಸರು ಗೋಣಿ ಕಂಪೌಂಡರ್. ಜ್ವರಕ್ಕೆ, ಕೆಮ್ಮಿಗೆ ಅವನ ಹತ್ತಿರ ಹೋದವರು ಹೊಲಿಗೆಗೆ ಮಾತ್ರ ಹೋಗಲಿಲ್ಲ. ನಾನೋ, ಆ ಬೀದಿಯಲ್ಲಿ ನಡೆಯುವಾಗಲೆಲ್ಲ ಅವನ ಬಾಗಿಲ ಮುಂದೆ ಕ್ಯಾಕರಿಸಿ ಉಗುಳಿ ಹೋಗುತ್ತಿದ್ದೆ. ಹನ್ನೊಂದು ವರ್ಷ.

ಎಂಬತ್ತರ ದಶಕ ಬಂತು. ಮಾದೇವಿಗೆ ಹದಿನೆಂಟಾಯಿತು. ಚಾಮರಾಜನಗರದ ಕಡೆಯಿಂದ ಹೆಣ್ಣು ನೋಡಲು ಬಂದರು. ಗಂಡಿನ ಸೋದರತ್ತೆ ಮಾದೇವಿಯ ಗದ್ದ ಹಿಡಿದು, ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವ ಹಾಗೆ, ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು.

"ಕೂಸು ಲಕ್ಷಣವಾಗದೆ. ಈ ಜರಿ ಒಂದ್ ಅರೀದೆ ಇದ್ದಿದ್ರೆ..." ಎಂದು ಕೈ ಬಿಟ್ಟಳು.

ಕಾಫಿ ಕುಡಿದು ಹೋದರು. ಮಾದೇವಿ ಲೋಟ ತೊಳೆದಿಟ್ಟಳು. ಅಂದಿನಿಂದ ಯಾರ ಮುಂದೆ ನಿಂತರೂ ಬಲಗೆನ್ನೆ ಮುಂದಿಟ್ಟುಕೊಂಡು ನಿಲ್ಲುತ್ತಿದ್ದಳು. ಅವಳ ಹಳೇ ಫೋಟೋ ಒಂದಿದೆ, ಅದರಲ್ಲೂ ಅಷ್ಟೇ, ಯಾರೋ ಆ ಕಡೆಯಿಂದ ಕರೆದ ಹಾಗೆ ಕತ್ತು ತಿರುಗಿಸಿದ್ದಾಳೆ. ನಾನು ಹೊಡೆದ ಕೆನ್ನೆಯೇ ಎಲ್ಲರಿಗೂ ಕಾಣುವ ಕೆನ್ನೆಯಾಯಿತು.

ಅದೇ ವರ್ಷ ಮಂಡಿಯಲ್ಲಿ ಚೀಲ ಎಳೆಯುವ ಕೊಕ್ಕೆ ನನ್ನ ಅಂಗೈ ಸೀಳಿತು. ಕಂಪೌಂಡರ್ ಬಾಗಿಲು ನಾಲ್ಕು ಹೆಜ್ಜೆಯಲ್ಲಿತ್ತು. ಅವನ ಹತ್ತಿರ ಹೋಗುವುದುಂಟೇ? ಕೈಗೆ ಗೋಣಿ ಸುತ್ತಿಕೊಂಡು, ರಕ್ತ ಸುರಿಸಿಕೊಂಡು, ಬಸ್ಸಿನಲ್ಲಿ ದಿಂಬಂ ತಿರುವುಗಳನ್ನೆಲ್ಲ ಇಳಿದು ಸತ್ಯಮಂಗಲದ ಆಸ್ಪತ್ರೆಗೆ ಹೋದೆ. ಹಟ ಅಂದರೆ ಇಂಥದು. ಅಲ್ಲಿ ಹೊಲಿದು, ಹತ್ತನೇ ದಿನ ಬಾ ಎಂದರು. ಹೋದೆ, ಈ ಸಲ ಮಾದೇವಿಯನ್ನು ಜೊತೆಗೆ ಕರೆದುಕೊಂಡು. ದಾರ ತೆಗೆಯಲು ಕೂತವಳು ವಯಸ್ಸಾದ ಸಿಸ್ಟರ್, ಕೊಳ್ಳೇಗಾಲದ ಕಡೆಯವಳು, ನಮ್ಮ ಮಾತೇ ಆಡುತ್ತಿದ್ದಳು.

ನನಗೆ ಬಾಯಿ ಸುಮ್ಮನಿರಲಿಲ್ಲ. "ಬ್ಯಾಡ ಸಿಸ್ಟ್ರೆ, ಇನ್ನೊಂದ್ ಎಂಟ್ ದಿನ ಇರ್ಲಿ. ಬಾಯ್ ಬುಟ್ಕೊಂಡದು."

"ನಿನ್ ಬಾಯೇ ನಿಲ್ಲಾಕಿಲ್ವಲ್ಲಮ್ಮ, ಗಾಯುದ್ ಬಾಯ್ಗೆ ಯಾಕೆ ಎದರ್ತೀಯ? ಕೈ ಕೊಡು."

"ಒಲಿಗೆ ಅಂದ್ರೆ ನಂಗೆ ಎದ್ರಿಕೆ ಸಿಸ್ಟ್ರೆ. ನನ್ ಮಗಳ ಮೊಕ ನೋಡಿ. ಗೋಣಿ ಒಲ್ದಂಗೆ ಒಲ್ದವ್ನೆ ಒಬ್ಬ ಪಾಪಿ."

ಸಿಸ್ಟರ್ ಮಾದೇವಿಯನ್ನು ಕಿಟಕಿಯ ಹತ್ತಿರ ಕರೆದಳು. ಕೆನ್ನೆಯ ಮೇಲೆ ಬೆರಳಾಡಿಸಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಒಲ್ದೋನ್ ಕೈ ಚಿನ್ನ ಕಣಮ್ಮ" ಎಂದಳು.

ನಾನು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ.

"ಈ ಉದ್ದುದ್ ಗೀಟು ನೋಡು, ಇದು ಗಾಯ. ನೂಲಿನಷ್ಟದೆ. ಅಷ್ಟ್ ಚೆನ್ನಾಗ್ ಕೂಡ್ಸವ್ನೆ. ಈ ಅಡ್ಡಗೀಟು, ಈ ಚುಕ್ಕಿ, ಇವೆಲ್ಲ ದಾರ ಮಾಡಿರೋದು. ಎಷ್ಟ್ ದಿನ ಮಡಗಿದ್ರಿ ದಾರ್ವ?"

"ಇಪ್ಪತ್ನಾಕು" ಎಂದೆ.

ಅವಳು ಕೈಯಲ್ಲಿದ್ದ ಚಿಮಟ ಕೆಳಗಿಟ್ಟಳು. "ಮೊಕದ್ ಮೇಲೆ? ಇಪ್ಪತ್ನಾಕ್ ದಿನ?"

ನಾನು ತಲೆಯಾಡಿಸಿದೆ. ಸಿಸ್ಟರ್ ಮಾತಾಡುತ್ತಲೇ ಇದ್ದಳು. "ಗೋಣಿಗೆ ಜೀವ ಇಲ್ಲ ಕಣಮ್ಮ, ಅದು ತಾನಾಗಿ ಕೂಡ್ಕೊಳಾಕಿಲ್ಲ. ಚರ್ಮ ಕೂಡ್ಕೋತದೆ. ಅದು ಕೂಡೋಗಂಟ ಇಡ್ಕೊಳಾಕೆ ಮಾತ್ರ ದಾರ. ಆಮೇಲೂ ಬುಟ್ರೆ ಅದೇ ಮುಳ್ಳು. ಚರ್ಮ ಆ ಮುಳ್ಳಿನ್ ಸುತ್ತ ಬೆಳ್ಕೋತದೆ." ತೆಗೆದ ಮೇಲೆ ಏನು ಮಾಡಬೇಕೆಂದೂ ಹೇಳಿದಳು. ಒಂದಷ್ಟು ದಿನ ಪಟ್ಟಿ ಅಂಟಿಸಬೇಕು, ಹೊಪ್ಪಳೆ ಕೀಳಬಾರದು, ಬಿಸಿಲಿಗೆ ಒಡ್ಡಬಾರದು, ಪೂರ್ತಿ ಮಾಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ನೀವಬೇಕು. ನಾನು ಮಗುವನ್ನು ದಾರದ ಸಮೇತ ಗಿಳಿ ಓಡಿಸಲು ಬಿಸಿಲಿಗೆ ಕಳಿಸಿದ್ದೆ.

"ಅನ್ನೊಂದ್ ವರ್ಷುದ್ ಗೀಟು, ಈಗ ಮಾಡಿದ್ರೆ ಓಯ್ತದಾ?" ಎಂದು ಕೇಳಿದೆ.

"ಅನ್ನೊಂದ್ ವರ್ಷುದ್ದು" ಎಂದಳು, ಅಷ್ಟೇ.

ನನ್ನ ಕೈಯ ದಾರ ತೆಗೆದಾಗ ನೋವೇ ಆಗಲಿಲ್ಲ. "ನೋವೇ ಆಗ್ನಿಲ್ಲ ಕಣವ್ವ" ಎಂಬ ಮಾತು ಎಲ್ಲೋ ಕೇಳಿದ್ದೇನೆ ಎನ್ನಿಸಿತು. ಎಲ್ಲಿ ಎಂದು ಆ ಕ್ಷಣಕ್ಕೆ ಹೊಳೆಯಲಿಲ್ಲ. ವಾಪಸು ಬರುವಾಗ ದಿಂಬಂ ಏರುವ ಬಸ್ಸಿನಲ್ಲಿ ಒಂದೊಂದು ತಿರುವಿನಲ್ಲೂ ಅಂಗೈಯನ್ನು ಇನ್ನೊಂದು ಕೈಯಿಂದ ಅಮುಕಿ ಹಿಡಿದೆ. ಎಲ್ಲಿ ಬಿಚ್ಚಿಕೊಳ್ಳುತ್ತದೋ ಎಂದು. ತಿರುವು ಮುಗಿದ ಮೇಲೆ ಬಿಡಿಸಿ ನೋಡುವುದು, ಮುಚ್ಚಿಯೇ ಇದೆ. ಮತ್ತೊಂದು ತಿರುವು, ಮತ್ತೆ ಅಮುಕುವುದು. ಕಂಡಕ್ಟರ್, "ಏನಮ್ಮ, ಕೈಯೊಳಗೆ ಕೋಳಿಮರಿ ಇದೆಯಾ?" ಎಂದ. ಬೇರೆ ದಿನವಾಗಿದ್ದರೆ ಅವನ ಕತೆ ಬೇರೆ ಆಗುತ್ತಿತ್ತು. ಅಂದು ಮುಂದಿನ ತಿರುವಿಗೆ ಮತ್ತೆ ಅಮುಕಿ ಹಿಡಿದೆ. ಬೆಟ್ಟ ಏರಿ ಮುಗಿದರೂ ಅಂಗೈ ಬಾಯಿ ಬಿಡಲಿಲ್ಲ. ಮಾದೇವಿ ಪಕ್ಕದಲ್ಲಿ ಕಿಟಕಿಗೆ ಎಡಗೆನ್ನೆ ಕೊಟ್ಟು ಕೂತಿದ್ದಳು.

ಮುಂದಿನ ಸಂತೆಯ ದಿನ ಅವಳನ್ನು ಕರೆದುಕೊಂಡು ಕಂಪೌಂಡರ್ ಬಾಗಿಲಿಗೆ ಹೋದೆ. ಬಯ್ದದ್ದು ಸಂತೆಯಲ್ಲಿ, ಒಪ್ಪಿಕೊಳ್ಳುವುದೂ ಸಂತೆಯಲ್ಲೇ ಆಗಬೇಕು. ನನ್ನನ್ನು ದೂರದಲ್ಲಿ ಕಂಡವನೇ ಅವನು ಎದ್ದು ಬಾಗಿಲು ಎಳೆಯತೊಡಗಿದ. ಮುದುಕನಾಗಿದ್ದ, ಕನ್ನಡಕದ ಕಡ್ಡಿಗೆ ದಾರ ಕಟ್ಟಿಕೊಂಡಿದ್ದ.

"ಬಾಗ್ಲು ಆಕ್ಬ್ಯಾಡಿ! ಇವತ್ತು ಬಯ್ಯಾಕ್ ಬಂದಿಲ್ಲ!" ಎಂದು ಕೂಗಿ, ಬೀದಿಗೆ ತಿರುಗಿ ನಿಂತೆ. "ಕೇಳ್ರಪ್ಪ ಎಲ್ರೂ! ಈಯಪ್ಪುಂದು ಏನೂ ತಪ್ಪಿಲ್ಲ! ಐದ್ ದಿನ ಅಂದ್ರು, ನಾನು ಇಪ್ಪತ್ನಾಕ್ ದಿನ ದಾರ ಮಡಗ್ದೆ! ಗೋಣಿ ಬುದ್ಧಿ ನಂದು!"

ಈರುಳ್ಳಿ ತೂಗುತ್ತಿದ್ದವನು ತಕ್ಕಡಿ ಹಿಡಿದೇ ನಿಂತ. ಕಂಪೌಂಡರ್ ಕಿವಿ ಮುಚ್ಚಿಕೊಂಡಿದ್ದ. "ಇದನ್ನೂ ಮೆಲ್ಲಗೆ ಹೇಳಾಕೆ ಬರಾಕಿಲ್ವಾಮ್ಮಾ ನಿಂಗೆ? ಒಳಗ್ ಬಾ."

ಮಾದೇವಿಯನ್ನು ಬೆಂಚಿನ ಮೇಲೆ ಕೂರಿಸಿ, ಕನ್ನಡಕ ಸರಿ ಮಾಡಿಕೊಂಡು, ತಾನು ಹೊಲಿದ ಕೆನ್ನೆಯನ್ನು ಹನ್ನೊಂದು ವರ್ಷದ ಮೇಲೆ ಹತ್ತಿರದಿಂದ ನೋಡಿದ. ಪೆನ್ನಿನ ಮುಚ್ಚಳದಿಂದ ಮುಟ್ಟಿ ಮುಟ್ಟಿ ಎಣಿಸಿದ. ಮತ್ತೆ ಎಣಿಸಿದ. "ಆರೇ ಇದೆ. ನಾನು ಏಳು ಹಾಕಿದ್ನಲ್ಲ" ಎಂದ. ಮೂರನೆಯ ಅಡ್ಡಗೀಟಿಗೂ ನಾಲ್ಕನೆಯದಕ್ಕೂ ನಡುವೆ ಮುಚ್ಚಳ ನಿಂತಿತು. "ಇಲ್ಲಿ ಒಂದ್ ಇತ್ತು. ಇದನ್ನ ಯಾರು ತೆಗೆದ್ರು? ಹೆಚ್ಚುಕಮ್ಮಿ ಸರಿಯಾದ್ ದಿವಸವೇ ತೆಗೆದವ್ರೆ."

ನಾನು ಬಗ್ಗಿ ನೋಡಿದೆ. ದಿನವೂ ನೋಡುವ ಮುಖ. ಏಣಿಯ ನಡುವೆ ಒಂದು ಮೆಟ್ಟಿಲು ಇರಲಿಲ್ಲ. ಅಲ್ಲಿ ಚುಕ್ಕಿ ಇಲ್ಲ, ಅಡ್ಡಗೀಟು ಇಲ್ಲ. ಕೂದಲೆಳೆಯಷ್ಟು ಸಣ್ಣ ಒಂದು ಗೀಟು ಮಾತ್ರ, ಬೆಳಕಿಗೆ ಹಿಡಿದರೆ ಕಾಣುವಂಥದು. ಪೂರ್ತಿ ಕೆನ್ನೆ ಹಾಗೆ ಆಗಬಹುದಿತ್ತು. ಹನ್ನೊಂದು ವರ್ಷ ಅದು ನನ್ನ ಕಣ್ಣ ಮುಂದೆಯೇ ಇತ್ತು!

"ನಾನೇ ತಗದೆ ಸಾರ್, ಆರನೇ ದಿನ" ಎಂದಳು ಮಾದೇವಿ. "ಅಜ್ಜಿ ಅಡ್ಕತ್ರೀಲಿ."

"ಅಡಕತ್ತರೀಲಾ!" ಕಂಪೌಂಡರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕ. ಆ ಮನುಷ್ಯ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ನಿಮ್ಮ ಮನೇಲಿ ಬುದ್ಧಿ ಇದ್ದಿದ್ದು ಇವಳೊಬ್ಬಳಿಗೇ ಕಣಮ್ಮಾ. ಮಿಕ್ಕಿದ್ದನ್ನ ಯಾಕ್ ಪಾಪ್ಪಾ ಬಿಟ್ಟೆ? ನಿಮ್ಮಮ್ಮ ಹೊಡೆದ್ಳಾ?"

ಮಾದೇವಿ ನನ್ನನ್ನು ನೋಡಿದಳು. ಪೂರ್ತಿ ಮುಖ ತಿರುಗಿಸಿ, ಎರಡೂ ಕೆನ್ನೆ ಕಾಣುವ ಹಾಗೆ ನೋಡಿದಳು.

"ಇಲ್ಲ ಸಾರ್" ಎಂದಳು. "ಮಿಕ್ಕಿದ್ದು ನಂಗೆ ಎಟುಕ್ನಿಲ್ಲ."

ಸಂತೆಗೆಲ್ಲ ಕೇಳುವ ನನ್ನ ಗಂಟಲಿನಿಂದ ಒಂದು ಸೊಲ್ಲು ಹೊರಡಲಿಲ್ಲ. ಬೆಂಚಿನ ಅಂಚು ಹಿಡಿದುಕೊಂಡು ನಿಂತಿದ್ದೆ. ಕಂಪೌಂಡರ್ ಅವಳ ತಲೆ ಸವರಿ, ಕೈ ತೊಳೆಯಲು ಹೋದ.

ಮಾದೇವಿಗೆ ಆಮೇಲೆ ಮದುವೆಯಾಯಿತು, ಮಕ್ಕಳಾದವು, ಆ ಮಕ್ಕಳು ಬಿದ್ದು ಎದ್ದು ಹೊಲಿಗೆಯನ್ನೂ ಹಾಕಿಸಿಕೊಂಡವು. ದಾರ ತೆಗೆಸುವ ದಿನ ಬೆಳಗಾಗುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿ ಅವಳ ಬಾಗಿಲಲ್ಲಿ ನಿಂತಿರುತ್ತಿದ್ದೆ. "ನಂಗೊತ್ತು ಕಣವ್ವ, ನಡಿ" ಎಂದು ಅವಳೇ ಮುಂದೆ ಹೊರಡುತ್ತಿದ್ದಳು. ಈಗಲೂ ಯಾರಾದರೂ ಹೊಸಬರು ಅವಳ ಕೆನ್ನೆಗೆ ಏನಾಯಿತು ಎಂದು ಕೇಳುತ್ತಾರೆ. ಅವಳು ಹೇಳುವುದು ಒಂದೇ ಮಾತು, "ಚಿಕ್ಕೋಳಾಗಿದ್ದಾಗ ತಗಡು ಬಿತ್ತು."

ತಗಡು ಬಿದ್ದದ್ದು ನಿಜ. ತಗಡಿನದು ಆ ಕೂದಲೆಳೆಯಂಥ ಗೀಟು ಒಂದೇ. ಹನ್ನೆರಡು ಚುಕ್ಕಿ ನನ್ನವು. ಹೊಡೆದದ್ದೂ ನಾನೇ.